ಎಲ್ಲರೂ ಮಿರರ್‌ಲೆಸ್ ಕಡೆ ಹೊರಟಾಗ ನಾನು ಹಳೇ ಡಿ500 ಕೊಂಡೆ

ನಿಕಾನ್ ಡಿ500 ಕ್ಯಾಮೆರಾದ ಬಾಡಿ, ಲೆನ್ಸ್, 1.4 ಟೆಲಿಕನ್ವರ್ಟರ್ (ಲೆನ್ಸಿನ ಹಿಂದೆ ಹಾಕಿದರೆ ಹಕ್ಕಿ 1.4 ಪಟ್ಟು ದೊಡ್ಡದಾಗಿ ಕಾಣುತ್ತದೆ), ಎರಡು ಬ್ಯಾಟರಿ, ಕಾರ್ಡು, ಬಸ್ ಚಾರ್ಜು ಎಲ್ಲ ಸೇರಿ ನನಗೆ ಬಿದ್ದಿದ್ದು 1 ಲಕ್ಷ 15 ಸಾವಿರದ ಆಸುಪಾಸು. ನಮ್ಮ ಹಕ್ಕಿ ಫೋಟೊ ಗುಂಪಿನಲ್ಲಿ ನಿಕಾನಿನದೇ ಝಡ್8, ಅಂದರೆ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ, ಮತ್ತು 180-600 ಲೆನ್ಸ್ ಒಟ್ಟಿಗೆ ತೆಗೆದುಕೊಂಡವರ ಬಿಲ್ಲು ಐದು ಲಕ್ಷ ದಾಟಿದೆ. ಅವರ ಬಳಿ ಇರುವ ಹಕ್ಕಿ ಫೋಟೊಗಳೆಲ್ಲ ನನ್ನ ಬಳಿಯೂ ಇವೆ. ನೀರಿಗೆ ಧುಮುಕುವ ರಿವರ್ ಟರ್ನ್ ಎಂಬ ಹಕ್ಕಿ ಕೂಡ ಇದೆ. ಹೇಳಿಕೊಳ್ಳಲು ಖುಷಿಯಾಗುತ್ತದೆ, ಮುಚ್ಚಿಡುವುದು ಯಾಕೆ?

ಡಿ500 ನೋಡುತ್ತಿದ್ದೇನೆ ಎಂದ ದಿನವೇ ತಕರಾರು ಶುರುವಾಗಿತ್ತು. "ಎಂತ ಮಾರಾಯ, 2016ರ ಕ್ಯಾಮೆರಾ! ಈಗೆಲ್ಲ ಹಕ್ಕಿಯ ಕಣ್ಣನ್ನ ಕ್ಯಾಮೆರಾನೇ ಹುಡುಕುತ್ತೆ. ಕಂಪನಿಯವರೇ ನಿಲ್ಲಿಸಿಬಿಟ್ಟಿದ್ದಾರೆ. ನಾಳೆ ಕೆಟ್ಟರೆ ಪಾರ್ಟ್ಸ್ ಎಲ್ಲಿ ಸಿಗುತ್ತೆ?" ಲೆನ್ಸಿನ ಹೆಸರು ಹೇಳಿದ ಮೇಲಂತೂ ನಗು ಇನ್ನೂ ಜೋರಾಯಿತು. 300 ಎಂಎಂನ ಎಫ್/4 ಎಎಫ್-ಎಸ್, ಅಂದರೆ ಫೋಕಸ್ ಮೋಟಾರು ಲೆನ್ಸಿನೊಳಗೇ ಇರುವುದು. ಆಮೇಲೆ ಬಂದ ಹಗುರ ಪಿಎಫ್ ಮಾದರಿ ಅಲ್ಲ, ಅದರ ಹಿಂದಿನದು. 2000ನೇ ಇಸವಿಯ ಹೊತ್ತಿನ ಮಾಲು. ತೂಕ ಒಂದೂವರೆ ಕೆಜಿಗೆ ಸ್ವಲ್ಪ ಕಮ್ಮಿ. ಕೈ ನಡುಕ ಸರಿಪಡಿಸುವ ವಿಆರ್ ಇಲ್ಲವೇ ಇಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಎಲ್ಲರೂ ಒಟ್ಟಿಗೆ ಮಾರುವಾಗ ಕೊಳ್ಳಬೇಕು. ಅಡಿಕೆ ಮಂಡಿಯ ಧಾರಣೆ ನೋಡಿಕೊಂಡು ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಲೆನ್ಸ್, ಆಮೇಲೆ ಬಾಡಿ ಎಂದು ತೀರ್ಮಾನ ಮಾಡಿದ್ದೆ. ಸುಮಾರು ಜನ ಉಲ್ಟಾ ಮಾಡುತ್ತಾರೆ. ಬಾಡಿಗೆ ದುಡ್ಡು ಸುರಿದು, ಉಳಿದದ್ದರಲ್ಲಿ ಸಿಕ್ಕಿದ ಲೆನ್ಸ್ ತರುತ್ತಾರೆ. ಡಿ500 ಇವತ್ತಲ್ಲ ನಾಳೆ ಇನ್ನೊಂದು ಸಿಗುತ್ತದೆ. ಗಾಜು ಚೆನ್ನಾಗಿರುವ ಹಳೇ 300 ಸಿಗುವುದು ಕಷ್ಟ, ಅದರಲ್ಲೂ ನಮ್ಮ ಮಳೆಸೀಮೆಯಲ್ಲಿ.

ಮೊದಲನೆಯದು ಬೆಂಗಳೂರಿನಲ್ಲಿತ್ತು. ಜಾಹೀರಾತಿನಲ್ಲಿ "ಹೊಸದರ ಹಾಗಿದೆ" ಎಂದು ಬರೆದಿದ್ದರು. ಮೂರು ಸಾವಿರ ಅಡ್ವಾನ್ಸ್ ಕಳಿಸಿ ರಾತ್ರಿ ಬಸ್ ಹತ್ತಿದೆ. ಈ ಲೆನ್ಸಿನಲ್ಲಿ ಅಪರ್ಚರ್ ರಿಂಗ್ (ಬೆಳಕು ಬರುವ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬಳೆ) ಇರುವುದರಿಂದ ಒಂದು ಅನುಕೂಲ ಇದೆ. ಕ್ಯಾಮೆರಾದಿಂದ ಬಿಚ್ಚಿ ರಿಂಗ್ ಎಫ್/4ಕ್ಕೆ ತಿರುಗಿಸಿದರೆ ಬ್ಲೇಡು ಪೂರ್ತಿ ತೆರೆಯುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಬೇಕು. ನೇರವಾಗಿ ನೋಡಿದರೆ ಎಲ್ಲ ಲೆನ್ಸೂ ಚೆನ್ನಾಗಿಯೇ ಕಾಣುತ್ತದೆ. ಓರೆ ಮಾಡಿದ ಕೂಡಲೇ ಒಳಗಿನ ಗಾಜಿನ ಅಂಚಿನಲ್ಲಿ ಬೇರು ಬಿಟ್ಟ ಹಾಗೆ ಬಿಳಿ ಎಳೆಗಳು ಕಂಡವು. "ಧೂಳು ಸಾರ್, ಒರೆಸಿದ್ರೆ ಹೋಗುತ್ತೆ" ಎಂದರು ಮಾರುವವರು. ಧೂಳಿಗೆ ಕವಲು ಇರಲ್ಲ, ಅದು ಫಂಗಸ್. ಬಿಟ್ಟು ಬಂದೆ. ಅಡ್ವಾನ್ಸ್ ವಾಪಸ್ ಬರಲಿಲ್ಲ. ಬಸ್ಸು, ಊಟ ಸೇರಿ ನಾಲ್ಕೂವರೆ ಸಾವಿರ ನೀರುಪಾಲು.

ಎರಡನೆಯದು ಮಂಗಳೂರು ಕಡೆ. ಗಾಜು ಕನ್ನಡಿ ಥರ ಇತ್ತು, ಆದರೆ ಫೋಕಸ್ ಓಡುವಾಗ ಸಣ್ಣಗೆ ಕಿರ್ರ್ ಎನ್ನುತ್ತಿತ್ತು. ಹಳೇ ಎಎಫ್-ಎಸ್ ಮೋಟಾರು ಹೀಗೆ ಕೂಗಲು ಶುರು ಮಾಡಿತು ಎಂದರೆ ರಿಪೇರಿ ಸದ್ಯದಲ್ಲೇ ಇದೆ ಎಂದರ್ಥ. ಆ ಮೋಟಾರು ಹಾಕಿಸಲು ಕೊಡುವ ದುಡ್ಡಿಗೆ ಇನ್ನೊಂದು ಹಳೇ ಲೆನ್ಸಿನ ಅರ್ಧ ಬೆಲೆ ಆಗುತ್ತದೆ, ಅದೂ ಮೋಟಾರು ಸಿಕ್ಕಿದರೆ. ಹತ್ತಿರದಿಂದ ಇನ್ಫಿನಿಟಿಗೆ (ತೀರಾ ದೂರಕ್ಕೆ), ಇನ್ಫಿನಿಟಿಯಿಂದ ಹತ್ತಿರಕ್ಕೆ ಹತ್ತಿಪ್ಪತ್ತು ಸಲ ಓಡಿಸಿ ನೋಡಿ. ಮೊದಲ ನಾಲ್ಕು ಸಲ ಸುಮ್ಮನಿದ್ದು ಆಮೇಲೆ ಕೂಗುವವೂ ಇರುತ್ತವೆ.

ಮೂರನೆಯದು ಒಂದು ಸಣ್ಣ ಊರಿನಲ್ಲಿ ಸಿಕ್ಕಿತು. ಊರಿನ ಹೆಸರನ್ನೂ ಅಲ್ಲಿಗೆ ದಾರಿ ಹೇಗೆ ಸಿಕ್ಕಿತು ಎನ್ನುವುದನ್ನೂ ಹೇಳುವುದಿಲ್ಲ. ಅಲ್ಲಿ ಇನ್ನೂ ಒಂದೆರಡು ಲೆನ್ಸ್ ಮೇಲೆ ನನ್ನ ಕಣ್ಣಿದೆ. 45 ಸಾವಿರ ಹೇಳಿದರು, 38ಕ್ಕೆ ಇಳಿಸಿದೆ. ಹುಡ್ ಸ್ವಲ್ಪ ಲೂಸು, ಬಣ್ಣ ಅಲ್ಲಲ್ಲಿ ಹೋಗಿತ್ತು. ಗಾಜು ಮಾತ್ರ ಚೊಕ್ಕ.

ಬಾಡಿಗೆ ಇಷ್ಟು ಅಲೆಯಲಿಲ್ಲ. ಶಟರ್ ಕೌಂಟ್, ಅಂದರೆ ಎಷ್ಟು ಕ್ಲಿಕ್ ಆಗಿದೆ ಎನ್ನುವುದನ್ನು ನೋಡಲು ಫೋಟೊ ಕಳಿಸಿ ಎಂದರೆ ಎಲ್ಲರೂ ವಾಟ್ಸಾಪಿನಲ್ಲಿ ಹಾಗೇ ಹಾಕುತ್ತಾರೆ. ಅದರಲ್ಲಿ ಮಾಹಿತಿ ಎಲ್ಲ ಉದುರಿಹೋಗಿರುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸಿ ಎನ್ನಬೇಕು. ಬಂದ ಫೈಲಿನಲ್ಲಿ ಕೌಂಟ್ ಜೊತೆ ಸೀರಿಯಲ್ ನಂಬರ್ ಕೂಡ ನೋಡಿ, ಬಾಡಿಯ ಮೇಲಿರುವ ನಂಬರಿನ ಫೋಟೊ ತರಿಸಿ ತಾಳೆ ಹಾಕಿ. ಒಬ್ಬರು ನನಗೆ ಬೇರೆ ಯಾವುದೋ ಬಾಡಿಯಲ್ಲಿ ತೆಗೆದ ಫೈಲು ಕಳಿಸಿದ್ದರು! ನಂಬರ್ ಕೇಳಿದ ಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ತೆಗೆದುಕೊಂಡಿದ್ದು ಅರವತ್ತು ಸಾವಿರ ಚಿಲ್ಲರೆ ಕ್ಲಿಕ್ ಆಗಿದ್ದ ಬಾಡಿ, 56 ಸಾವಿರಕ್ಕೆ. ಡಿ500ರ ಶಟರ್ ಎರಡು ಲಕ್ಷ ಕ್ಲಿಕ್ಕಿಗೆ ಪರೀಕ್ಷೆ ಆದದ್ದು. ನನ್ನ ವೇಗದಲ್ಲಿ ಇನ್ನೂ ಕೆಲವು ವರ್ಷ ಧಾರಾಳ ಬರುತ್ತದೆ. ಇದರ ಎರಡು ಕಾರ್ಡ್ ಸ್ಲಾಟಿನಲ್ಲಿ ಒಂದು ಎಕ್ಸ್‌ಕ್ಯೂಡಿ ಕಾರ್ಡಿನದು, ಅದರ ಸಹವಾಸಕ್ಕೆ ಹೋಗಲಿಲ್ಲ. ಆ ಸ್ಲಾಟು ಖಾಲಿ ಬಿಟ್ಟು ವೇಗದ ಎಸ್‌ಡಿ ಒಂದನ್ನೇ ಹಾಕಿದ್ದೇನೆ. ಬಟನ್ ಒಂದೇ ಸಮನೆ ಒತ್ತಿ ಹಿಡಿಯುವ ಚಾಳಿ ಇಲ್ಲದಿದ್ದರೆ ಸಾಕಾಗುತ್ತದೆ.

ಇಷ್ಟೆಲ್ಲ ಆಗಿ ಮಂಡಗದ್ದೆ ಪಕ್ಷಿಧಾಮಕ್ಕೆ ಹೋದರೆ ಫೋಟೊಗಳೆಲ್ಲ ಮೆತ್ತಗೆ. ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ಗೂಡಿನ ಕಡ್ಡಿ ಶಾರ್ಪ್, ಹಕ್ಕಿಯ ಮುಖ ಮಬ್ಬು. ಟೆಲಿಕನ್ವರ್ಟರ್ ಹಾಕಿದರಂತೂ ಕೇಳಲೇಬೇಡಿ. ಗುಂಪಿನಲ್ಲಿ ಆ ಫೋಟೊ ನೋಡಿ "ಮಂಜು ಚೆನ್ನಾಗಿ ಬಂದಿದೆ" ಎಂದರು. ಅವತ್ತು ಮಂಜೇ ಇರಲಿಲ್ಲ.

ರೋಗ ಎರಡಿತ್ತು. ಒಂದು, ಫೋಕಸ್ ಹಕ್ಕಿಗಿಂತ ಮುಂದೆ ಕೂರುತ್ತಿತ್ತು. ಡಿಎಸ್‌ಎಲ್‌ಆರ್‌ನಲ್ಲಿ, ಅಂದರೆ ಡಿ500ರ ಹಾಗೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಇದು ಹೊಸದಲ್ಲ. ಇದನ್ನು ತಿದ್ದಲು ಡಿ500ರಲ್ಲಿ ಆಟೋ ಫೈನ್ ಟ್ಯೂನ್ ಇದೆ, ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತಾ) ಫೋಕಸ್ ಮಾಡಿ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳುತ್ತದೆ. ಆದರೆ ಒಂದು ಸಲ ಮಾಡಿ ನಂಬಿದರೆ ಕೆಟ್ಟಿರಿ. ಅಂಗಳದಲ್ಲಿ ದಬ್ಬೆಗೆ ಪಂಚಾಂಗದ ಕ್ಯಾಲೆಂಡರ್ ಕಟ್ಟಿದೆ. ಅದರಲ್ಲಿ ದೊಡ್ಡ ಅಂಕಿಯೂ ಇದೆ, ರಾಹುಕಾಲ ಗುಳಿಕಕಾಲದ ಪುಟಾಣಿ ಅಕ್ಷರವೂ ಇದೆ. ಫೋಕಸ್ ಪರೀಕ್ಷೆಗೆ ದುಡ್ಡು ಕೊಟ್ಟು ಚಾರ್ಟ್ ತರುವ ಅಗತ್ಯವೇ ಇಲ್ಲ. ನಾನು ಹಕ್ಕಿ ತೆಗೆಯುವ ದೂರ ಸುಮಾರು ಹದಿನೈದು ಹೆಜ್ಜೆ, ಅಲ್ಲೇ ಟ್ರೈಪಾಡ್ ಇಟ್ಟೆ. ತಿದ್ದುವ ಅಂಕಿ ಮೊದಲ ಸಲ 4 ಬಂತು. ಆಮೇಲೆ 11. ಆಮೇಲೆ 7, ಮತ್ತೆ 8. ಪ್ರತಿ ಸಲವೂ ಫೋಕಸನ್ನು ಬೇಕೆಂದೇ ಕೆಡಿಸಿ, ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಬರುವ ಹಾಗೆ ಮಾಡಿದೆ. ತೀರಾ ಆಚೀಚಿನ ಅಂಕಿ ಬಿಟ್ಟು ಸರಾಸರಿ ತೆಗೆದು ಕೈಯಾರೆ ಕೂರಿಸಿದೆ. 1.4 ಹಾಕಿದಾಗ ಬೇರೆಯೇ ಅಂಕಿ ಬಂತು. ಬಿಸಿಲು ಏರಿದ ಮೇಲೆ ಈ ಕೆಲಸ ಮಾಡಬೇಡಿ. ಅಂಗಳದ ಕಾವಿಗೆ ಅಕ್ಷರ ಕುಣಿಯುತ್ತದೆ, ಅಂಕಿಯೂ ಅದರ ಜೊತೆ ಕುಣಿಯುತ್ತದೆ.

ಎರಡನೆಯ ರೋಗ ಈ ಲೆನ್ಸಿನ ಟ್ರೈಪಾಡ್ ಕಾಲರ್, ಅಂದರೆ ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆ. ಅದು ಸಪೂರ, ಅಲುಗುತ್ತದೆ ಎನ್ನುವುದು ಹಳಬರಿಗೆಲ್ಲ ಗೊತ್ತು. ಬೇರೆ ಕಂಪನಿಯ ಗಟ್ಟಿ ಕಾಲರ್ ಸಿಗುತ್ತದೆ, ಬೆಲೆ ಕೇಳಿ ಸುಮ್ಮನಾದೆ. ಸೈಕಲ್ ಶಾಪಿನಿಂದ ಹಳೇ ಟ್ಯೂಬ್ ತಂದು, ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಕಾಲರಿನ ಪಾದಕ್ಕೂ ಲೆನ್ಸಿನ ಕೊಳವೆಗೂ ನಡುವೆ ಬಿಗಿಯಾಗಿ ತುರುಕಿದೆ. ಖರ್ಚು ಸೊನ್ನೆ. 1/125 ಸೆಕೆಂಡಿನಲ್ಲಿ ಕೂಡ ಈಗ ಕೂತ ಹಕ್ಕಿಯ ಗರಿ ಎಣಿಸಬಹುದು. ಶಾಪಿನವರು ಮಾತ್ರ ಎಷ್ಟು ಹೇಳಿದರೂ ದುಡ್ಡು ತೆಗೆದುಕೊಳ್ಳಲಿಲ್ಲ.

ಈ ಮಧ್ಯೆ ಆಸೆ ಜಾಸ್ತಿಯಾಗಿ 1.7 ಟೆಲಿಕನ್ವರ್ಟರ್ ಕೂಡ ಒಂಬತ್ತು ಸಾವಿರಕ್ಕೆ ತಂದೆ. 300 ಎಫ್/4ಕ್ಕೆ ಹಾಕಿದರೆ 510 ಎಫ್/6.7 ಆಗುತ್ತದೆ. ಡಿ500ರಂಥ ಡಿಎಕ್ಸ್ (ಸಣ್ಣ ಸೆನ್ಸರಿನ) ಬಾಡಿಯಲ್ಲಿ 765ರ ನೋಟ, ಕೇಳಲು ಚೆಂದ. ಬೆಳಕಿದ್ದರೆ ನಡು ಪಾಯಿಂಟು ಹೇಗೋ ಹಿಡಿಯುತ್ತದೆ. ಮೋಡ ಕವಿದರೆ ಲೆನ್ಸು ಹಿಂದೆ ಮುಂದೆ ಓಡುತ್ತಲೇ ಇರುತ್ತದೆ, ಅಷ್ಟರಲ್ಲಿ ಹಕ್ಕಿ ಪಕ್ಕದ ಊರಿನಲ್ಲಿರುತ್ತದೆ. 1.4ರಲ್ಲಿ ತೆಗೆದು ಕ್ರಾಪ್ ಮಾಡಿದ್ದು ಇದಕ್ಕಿಂತ ಚೊಕ್ಕ ಬರುತ್ತದೆ.

ದೂರ ಸಾಲದಿದ್ದರೆ ಹತ್ತಿರ ಹೋಗಬೇಕು, ಬೇರೆ ದಾರಿ ಇಲ್ಲ. ಮಿಲಿಟರಿ ಬಣ್ಣದ ಬಟ್ಟೆ, ಬಲೆ ಎಲ್ಲ ಹಾಕಿ ನೋಡಿದ್ದೇನೆ. ನಮ್ಮ ಗದ್ದೆಯಲ್ಲಿ ಕೆಲಸಕ್ಕೆ ಬಂದಿದ್ದು ಗೊರಬು, ನಾಟಿಯವರು ಮಳೆಗೆ ಹೊದೆಯುವುದು. ಅಟ್ಟದ ಮೇಲೆ ಬಿದ್ದಿದ್ದನ್ನು ಇಳಿಸಿ, ಹರಿದ ಕಡೆ ಹೊಲಿಸಿಕೊಂಡೆ. ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುತ್ತದೆ. ಬಗ್ಗಿ ಕುಳಿತರೆ ಕ್ಯಾಮೆರಾವೂ ಅದರಡಿಯಲ್ಲೇ ಇರುತ್ತದೆ, ಮಳೆ ಹನಿಯೂ ತಾಗುವುದಿಲ್ಲ. ನಾಟಿ ಮಾಡುವವರನ್ನು ನೋಡಿ ನೋಡಿ ಅಭ್ಯಾಸವೋ ಏನೋ, ನಾನು ಹತ್ತಿಪ್ಪತ್ತು ಹೆಜ್ಜೆಯಷ್ಟು ಹತ್ತಿರ ಹೋದರೂ ಬೆಳ್ಳಕ್ಕಿ ಮತ್ತು ಮಿಂಚುಳ್ಳಿ ತಲೆ ಕೆಡಿಸಿಕೊಳ್ಳಲಿಲ್ಲ. ನೀಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋದ ದಿನ ಅವೇ ಹಕ್ಕಿಗಳು ಎದ್ದು ಹೋದವು. ಅದು ಗಾಳಿಗೆ ಚರಪರ ಎನ್ನುತ್ತದೆ ಅಲ್ವಾ, ಅದಕ್ಕೇ ಇರಬೇಕು. ಬೀನ್ ಬ್ಯಾಗಿಗೂ ಹೀಗೇ ಪ್ರಯೋಗ ನಡೆಯಿತು. ರಾಗಿ ತುಂಬಿದರೆ ಲೆನ್ಸ್ ಬಹಳ ಚೆನ್ನಾಗಿ ಕೂರುತ್ತದೆ, ಆದರೆ ಭಾರ, ಮಳೆಗಾಲದಲ್ಲಿ ಹುಳ. ಭತ್ತದ ಹೊಟ್ಟು ಹಗುರ, ಆದರೆ ಲೆನ್ಸ್ ಜಾರುತ್ತದೆ. ಈಗ ಎರಡನ್ನೂ ಬೆರೆಸಿದ್ದೇನೆ. ಎಷ್ಟಕ್ಕೆ ಎಷ್ಟು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮಳೆಗಾಲದ ಮಾತು ಬಂತಲ್ಲ, ಫಂಗಸ್‌ಗೆ ಹೆದರಿ ಹತ್ತು ಸಾವಿರದ ಡ್ರೈ ಕ್ಯಾಬಿನೆಟ್ ತರಬೇಕಿಲ್ಲ. ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬ, ಮುನ್ನೂರು ರೂಪಾಯಿಯ ತೇವಾಂಶ ಮೀಟರ್, ಅರ್ಧ ಕೆಜಿ ಸಿಲಿಕಾ ಜೆಲ್ ಸಾಕು. ಮುಳ್ಳು 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ತೀರಾ ಒಣಗಿಸಲೂಬಾರದು. ಜೆಲ್ ಬಣ್ಣ ಬದಲಾದಾಗ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ. ಕಿತ್ತಳೆ ಬಣ್ಣದ್ದೇ ತನ್ನಿ, ಅಡುಗೆಯ ಬಾಣಲೆ ಮುಟ್ಟಬೇಡಿ. ಇದು ನಮ್ಮನೆಯವರು ಹಾಕಿದ ಷರತ್ತೂ ಹೌದು.

ಗುಂಪಿನವರ ಬಾಯಿ ಮುಚ್ಚಿದ್ದು ಭದ್ರಾ ಹಿನ್ನೀರಿನಲ್ಲಿ. ಲಕ್ಕವಳ್ಳಿ ಕಡೆಯಿಂದ ದೋಣಿಯಲ್ಲಿ ಹೋದರೆ, ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಎತ್ತುವ ದಿಬ್ಬಗಳ ಮೇಲೆ ರಿವರ್ ಟರ್ನ್‌ಗಳು ನೆಲದಲ್ಲೇ ಮೊಟ್ಟೆ ಇಡುತ್ತವೆ. ಬೂದು-ಬಿಳಿ ಹಕ್ಕಿ, ಕಪ್ಪು ಟೋಪಿ, ಹಳದಿ ಕೊಕ್ಕು, ಯದ್ವಾತದ್ವಾ ವೇಗ. ಒಂದೇ ದೋಣಿಯಲ್ಲಿ ಝಡ್8 ಇಟ್ಟುಕೊಂಡವರೂ ನಾನೂ ಕುಳಿತಿದ್ದೆವು. ಟೆಲಿಕನ್ವರ್ಟರ್ ಬಿಚ್ಚಿ ಬರೀ 300 ಹಾಕಿದೆ. 1/2500, ಎಫ್/5.6, ಐಎಸ್ಒ ಆಟೋ. ಬಿಳಿ ಗರಿ ಸುಟ್ಟುಹೋಗದಂತೆ ಬೆಳಕನ್ನು 0.7 ಸ್ಟಾಪ್ ಕಮ್ಮಿ ಇಟ್ಟಿದ್ದೆ. ಲೆನ್ಸಿನ ಲಿಮಿಟ್ ಸ್ವಿಚ್ಚನ್ನು 3 ಮೀಟರ್‌ನಿಂದ ಆಚೆಗೆ ತಳ್ಳಿದ್ದರಿಂದ ಫೋಕಸ್ ಸುಮ್ನೆ ಹತ್ತಿರಕ್ಕೆ ಓಡಿ ಸಮಯ ಹಾಳು ಮಾಡುವುದಿಲ್ಲ. ಈ ವೇಗದಲ್ಲಿ ವಿಆರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನು, ಕ್ಯಾಮೆರಾದ ಮುಂಭಾಗದ ಎಫ್ಎನ್ ಬಟನ್ನಿಗೆ ನಾನು ಏನು ಕೆಲಸ ಕೊಟ್ಟಿದ್ದೇನೆ ಅನ್ನುವುದನ್ನು ಎದುರಿಗೆ ಸಿಕ್ಕಿ ಕಾಫಿ ಕೊಡಿಸಿದವರಿಗೆ ಹೇಳುತ್ತೇನೆ.

ಹತ್ತರಲ್ಲಿ ಐದಾರು ಶಾರ್ಪ್ ಬಂದವು. ಝಡ್8ರಲ್ಲಿ ಎಂಟೊಂಬತ್ತು ಬಂದಿರಬಹುದು. ಅದು ಕೆಟ್ಟ ಕ್ಯಾಮೆರಾ ಎಂದು ನಾನು ಯಾವತ್ತೂ ಹೇಳಿಲ್ಲ. ಶಬ್ದವೂ ಮಾಡುವುದಿಲ್ಲ, ನನ್ನದು ಖಟಖಟ ಎನ್ನುತ್ತದೆ, ಪೊದೆಯಲ್ಲಿ ಕೂತಾಗ ಅದೊಂದು ತೊಂದರೆ ಇದ್ದೇ ಇದೆ. ಆದರೆ ಟರ್ನ್ ಮೀನು ಕಚ್ಚಿಕೊಂಡು ನೀರಿನಿಂದ ಮೇಲೇಳುವಾಗ ಕೊಕ್ಕಿನಿಂದ ಹನಿ ಉದುರುವ ಫೋಟೊ ಆ ದೋಣಿಯಲ್ಲಿ ನನ್ನ ಕಾರ್ಡಿನಲ್ಲಿ ಮಾತ್ರ ಇತ್ತು. "ಯಾವ ಲೆನ್ಸು ಅಂದ್ಯಲ್ಲ ಮಾರಾಯ, ಹಳೇದು, ಅದು ಇನ್ನೂ ಸಿಗುತ್ತಾ?" ಎಂದು ಇಳಿಯುವಾಗ ಝಡ್8ನವರೇ ಕೇಳಿದರು.

ಅದಾದ ಮೇಲೆ ಗುಂಪಿನಲ್ಲಿ ಇಬ್ಬರಿಗೆ ಇದೇ ಜೋಡಿ ಹುಡುಕಿಕೊಟ್ಟಿದ್ದೇನೆ. ಒಬ್ಬರಿಗೆ ನನಗಿಂತ ಎರಡು ಸಾವಿರ ಕಮ್ಮಿಗೆ ಬಿತ್ತು, ಅದೊಂದು ಹೊಟ್ಟೆಯುರಿ ಇದೆ. 1.7 ಟೆಲಿಕನ್ವರ್ಟರ್ ಇನ್ನೂ ನನ್ನ ಡಬ್ಬದಲ್ಲೇ ಕೂತಿದೆ. ಗಾಜು ಚೊಕ್ಕ, ಎರಡೂ ಮುಚ್ಚಳ ಇದೆ, ಏಳು ಸಾವಿರ ಕೊಟ್ಟರೆ ಸಾಕು. ಮೋಡದಲ್ಲಿ ಫೋಕಸ್ ಹಿಡಿಯಲ್ಲ ಅಂತ ಮೊದಲೇ ಹೇಳಿದ್ದೇನೆ, ಆಮೇಲೆ ಜಗಳ ಬೇಡ.