ಗಾಡಿ ಪೇಂಟಿಗೆ ಕಚ್ಚಿಕೊಂಡ ಸ್ಟಿಕ್ಕರ್ ಅಂಟು ತೆಗೆಯುವ ಬಗೆ

ಆಯುಧಪೂಜೆಗೆ ಬಾಳೆಕಂದು ನಿಲ್ಲಿಸಲು ಸುತ್ತಿದ ಕಂದು ಟೇಪು, ಮದುವೆ ಕಾರಿನ ಬಾನೆಟ್ಟಿಗೆ ಗುಲಾಬಿ ಹಚ್ಚಿದ ಸೆಲೋ ಟೇಪು, ಹಳೇ ಮಾಲೀಕರು ಅಂಟಿಸಿ ಹೋದ ಸ್ಟಿಕ್ಕರ್. ಮೇಲಿನ ಹಾಳೆ ಹೇಗೋ ಬರುತ್ತದೆ, ಅಂಟು ಮಾತ್ರ ಕೂತೇ ಇರುತ್ತದೆ. ಅದರ ಮೇಲೆ ಧೂಳು ಹಿಡಿದು ಕಪ್ಪಗೆ ಚೌಕಟ್ಟು ಬರೆದ ಹಾಗೆ ಕಾಣುತ್ತದೆ. ಎರಡು ಬೇಸಿಗೆ ಕಂಡ ಅಂಟಾದರೆ ಉಗುರಿಗೂ ಬಗ್ಗುವುದಿಲ್ಲ.

ಬ್ಲೇಡು, ಪಾತ್ರೆ ಉಜ್ಜುವ ಸ್ಟೀಲ್ ಜುಂಗು, ಥಿನ್ನರ್ ಡಬ್ಬ ಈ ಮೂರನ್ನೂ ಮೊದಲು ದೂರ ಇಡಿ. ಕಂಪನಿ ಪೇಂಟಿನ ಹೊಳಪೆಲ್ಲ ಇರುವುದು ಮೇಲಿನ ಕ್ಲಿಯರ್ ಕೋಟಿನಲ್ಲಿ, ಅಂದರೆ ಬಣ್ಣದ ಮೇಲೆ ಹೊಡೆದ ಪಾರದರ್ಶಕ ಪದರದಲ್ಲಿ. ಅದರ ದಪ್ಪ ಸುಮಾರು 40–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಅಷ್ಟರೊಳಗೆ ಕೆರೆತ ಇಳಿದರೆ ಮತ್ತೆ ಪೇಂಟೇ ಹೊಡೆಸಬೇಕು.

ಗುಬ್ಬಿ ತಾಲೂಕಿನ ಚೇಳೂರು ಕಡೆ ಹಲಸು ಬಿಡಿಸಲು ಕೂತವರು ಮೊದಲು ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳುತ್ತಾರೆ. ಮೇಣ ಎಣ್ಣೆಗೆ ಬಿಡುತ್ತದೆ, ನೀರಿಗೆ ಬಿಡುವುದಿಲ್ಲ. ಟೇಪಿನ ಅಂಟೂ ಬಹುಪಾಲು ಅದೇ ಜಾತಿ. ನೆನೆಯಲು ಬಿಟ್ಟರೆ ಉಬ್ಬಿ ಹಿಡಿತ ಸಡಿಲಿಸುತ್ತದೆ. ಕೆಲಸದ ಮುಕ್ಕಾಲು ಪಾಲು ಹೀಗೆ ಕಾಯುವುದೇ.

ಶುರು ಮಾಡುವ ಮೊದಲು ಪೇಂಟ್ ಕಂಪನಿಯದೋ, ಶೆಡ್ಡಿನಲ್ಲಿ ಹೊಡೆಸಿದ್ದೋ ತಿಳಿದುಕೊಳ್ಳಿ. ಡೋರ್ ತೆಗೆದು ರಬ್ಬರ್ ಬೀಡಿಂಗಿನ ಅಂಚು ನೋಡಿ. ಅಲ್ಲಿ ಪೇಂಟಿನ ತುಂತುರು ಬಿದ್ದಿದ್ದರೆ ಮತ್ತೆ ಹೊಡೆಸಿದ ಗಾಡಿ ಅನ್ನಿ. ಆಮೇಲೆ ಬಿಳಿ ಬಟ್ಟೆಗೆ ಬಳಸಬೇಕೆಂದಿರುವ ದ್ರವ ಹಾಕಿ, ಪೆಟ್ರೋಲ್ ಮುಚ್ಚಳದ ಒಳಬದಿಯಂಥ ಮರೆಯ ಜಾಗದಲ್ಲಿ 10 ಸೆಕೆಂಡ್ ಒರೆಸಿ. ಬಟ್ಟೆಗೆ ಬಣ್ಣ ಹತ್ತಿದರೆ, ಅಥವಾ ಬಟ್ಟೆ ಹಿಡಿದುಕೊಂಡ ಹಾಗೆ ಅನಿಸಿದರೆ ಆ ದ್ರವ ಆ ಗಾಡಿಗೆ ಬೇಡ. ಹಳೇ ಟ್ರ್ಯಾಕ್ಟರ್, ಆಟೋ, ಲಾರಿಗಳ ಎನಾಮೆಲ್ ಮತ್ತು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನ ಕಥೆ ಸಾಮಾನ್ಯವಾಗಿ ಇದೇ. ಎನ್‌ಸಿ ಪೇಂಟಂತೂ ಥಿನ್ನರಿನಲ್ಲೇ ಕರಗಿಸಿ ಹೊಡೆದದ್ದು, ಥಿನ್ನರ್ ಮುಟ್ಟಿಸಿದರೆ ಮತ್ತೆ ಕರಗುತ್ತದೆ. ಪುಟ್ಟಿ ಮೆತ್ತಿ ಹೊಡೆಸಿದ ಜಾಗದಲ್ಲಿ ಸ್ಟಿಕ್ಕರ್ ಎಳೆದರೆ ಪೇಂಟೂ ಚಕ್ಕೆಯಾಗಿ ಜೊತೆಗೆ ಬರಬಹುದು, ಅಲ್ಲಿ ಇನ್ನೂ ನಿಧಾನ.

ಬೈಕಿನವರಿಗೆ ಒಂದು ಮಾತು. ಎಷ್ಟೋ ಬೈಕುಗಳ ಟ್ಯಾಂಕಿನ ಡಿಸೈನ್ ಕ್ಲಿಯರ್ ಕೋಟಿನ ಕೆಳಗಿರುತ್ತದೆ. ಉಗುರು ಓಡಿಸಿದಾಗ ಅಂಚು ಸಿಗದಿದ್ದರೆ ಅದು ಕೀಳುವ ಸ್ಟಿಕ್ಕರೇ ಅಲ್ಲ, ಬಿಟ್ಟುಬಿಡಿ.

ಒಂದು ಎ4 ಹಾಳೆಯಷ್ಟು ಜಾಗಕ್ಕೆ ಬೇಕಾಗುವುದು ಇಷ್ಟು: 15–20 ಮಿ.ಲೀ. ನೀಲಗಿರಿ ಎಣ್ಣೆ, 50 ಮಿ.ಲೀ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸುವ ದ್ರವ), ಹಳೇ ಎಟಿಎಂ ಕಾರ್ಡು ಎರಡು, ಮೈಕ್ರೋಫೈಬರ್ ಬಟ್ಟೆ ನಾಲ್ಕು, ಕಾರ್ ಶಾಂಪೂ, ಹೇರ್ ಡ್ರೈಯರ್. ಹಾರ್ಡ್‌ವೇರ್ ಅಂಗಡಿಯ ಕಾಟನ್ ವೇಸ್ಟ್ ಬೇಡ, ಅದರೊಳಗಿನ ಗಟ್ಟಿ ಎಳೆ, ಕಸ ಗೀರು ಹಾಕುತ್ತದೆ. ಎಣ್ಣೆಯನ್ನು ಮೆಡಿಕಲ್ ಸ್ಟೋರಿನಲ್ಲೇ ತನ್ನಿ. ಒಂದು ಹನಿ ಕಾಗದಕ್ಕೆ ಬಿಟ್ಟು ನೋಡಿ, ಒಳ್ಳೆಯದಾದರೆ ಆರಿಹೋಗುತ್ತದೆ, ಜಿಡ್ಡಿನ ಕಲೆ ಉಳಿದರೆ ಬೇರೆ ಎಣ್ಣೆ ಬೆರೆಸಿದ್ದಾರೆ. ಅಂದಹಾಗೆ, ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ನೆಟ್ಟ ಗಿಡಗಳಿಂದ ಹಬ್ಬಿ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಿಗೆಲ್ಲ ಇಳಿದ ನೀಲಗಿರಿ ಕಂಬಕ್ಕೆ, ಸೌದೆಗೆ, ಕಾಗದದ ಕಾರ್ಖಾನೆಗೆ ಆಗುವಂಥದ್ದು. ಬಾಟಲಿಯ ಎಣ್ಣೆ ಹೆಚ್ಚಾಗಿ ಊಟಿ ಕಡೆಯ ಬೇರೆ ಜಾತಿಯ ಮರದ್ದು. ಮನೆ ಹಿಂದಿನ ತೋಪಿನ ಎಲೆ ಜಜ್ಜಿ ಉಜ್ಜಿದರೆ ಕೈ ಹಸಿರಾಗುತ್ತದೆ, ಅಷ್ಟೇ.

ಮೊದಲು ಗಾಡಿ ತೊಳೆಯಿರಿ. ಅಂಟಿನಲ್ಲಿ ಸಿಕ್ಕಿಕೊಂಡ ಮಣ್ಣು, ಜಲ್ಲಿ ಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ, ಒಣಗಿದ್ದಾಗ ಉಜ್ಜಲೇಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಹಾಗೇ ಆರಲು ಬಿಟ್ಟರೆ ಬಿಳಿ ಉಪ್ಪಿನ ಚುಕ್ಕೆ ಕೂರುತ್ತದೆ. ಕೂಡಲೇ ಬಟ್ಟೆಯಲ್ಲಿ ಒರೆಸಿ.

ಸ್ಟಿಕ್ಕರಿನ ಹಾಳೆ ಇನ್ನೂ ಇದ್ದರೆ ಡ್ರೈಯರನ್ನು 15–20 ಸೆಂ.ಮೀ. ದೂರದಲ್ಲಿ ಹಿಡಿದು ಒಂದೇ ಕಡೆ ನಿಲ್ಲಿಸದೆ ಆಡಿಸಿ. ಪೇಂಟಿನ ಮೇಲೆ ಅಂಗೈ ಇಟ್ಟು ಮೂರು ಎಣಿಸುವಷ್ಟು ಹೊತ್ತು ತಡೆದುಕೊಳ್ಳುವಂತಿದ್ದರೆ ಸಾಕು. ಅದಕ್ಕಿಂತ ಕಾಯಿಸಿದರೆ ಅಂಟು ಇನ್ನೂ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಹೀಟ್ ಗನ್ ಬೇಡ, ಅದರ ಬಾಯಿಂದ ಬರುವ ಗಾಳಿ ನೂರಾರು ಡಿಗ್ರಿ, ಕ್ಲಿಯರ್ ಕೋಟ್ ಗುಳ್ಳೆ ಏಳುತ್ತದೆ. ಕರೆಂಟಿಲ್ಲದಿದ್ದರೆ ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ನಿಲ್ಲಿಸಿದರೂ ಆದೀತು. ಒಂದು ಮೂಲೆ ಎಬ್ಬಿಸಿ, ಹಿಂದಕ್ಕೆ ಮಡಚಿದಂತೆ ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಪಟ್ಟನೆ ಎಳೆದರೆ ಹಾಳೆ ಕೈಗೆ, ಅಂಟು ಗಾಡಿಗೆ. ಬೈಕ್ ಟ್ಯಾಂಕಿಗೆ ಡ್ರೈಯರ್ ಹಿಡಿಯಬೇಡಿ, ಪೆಟ್ರೋಲಿನ ಆವಿ ಇರುವ ಜಾಗ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹೊದಿಸಿದರೆ ಸಾಕು.

ಇನ್ನು ಅಂಟು. ಗಾಡಿಯನ್ನು ನೆರಳಿಗೆ ತಂದು ಲೋಹ ತಣ್ಣಗಾಗಲು ಬಿಡಿ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಬಾನೆಟ್ಟಿನ ಮೇಲೆ ಎಣ್ಣೆ ಅಂಟಿಗೆ ಇಳಿಯುವ ಮೊದಲೇ ಆರಿಹೋಗುತ್ತದೆ. ಟಿಶ್ಯೂ ಪೇಪರನ್ನು ನೀಲಗಿರಿ ಎಣ್ಣೆಯಲ್ಲಿ ನೆನೆಸಿ ಅಂಟಿನ ಮೇಲೆ ಮಲಗಿಸಿ, ಮೇಲೆ ಪ್ಲಾಸ್ಟಿಕ್ ಕವರ್ ಒತ್ತಿ. 5 ನಿಮಿಷಕ್ಕೊಮ್ಮೆ ಅಂಚು ಎತ್ತಿ ನೋಡಿ. ಅಂಟು ಮಂಕಾಗಿ, ಬೆರಳಲ್ಲಿ ತಳ್ಳಿದರೆ ನೆನೆದ ಶಾವಿಗೆಯಂತೆ ಸುರುಳಿ ಸುತ್ತಿಕೊಂಡು ಬಂದರೆ ಹದ ಬಂದಿದೆ. ಬೆರಳಿಗೆ ಇನ್ನೂ ದಾರವಾಗಿ ಎಳೆದುಕೊಂಡರೆ ಮತ್ತೆ ಮುಚ್ಚಿಡಿ. ಹದ ಬಂದ ಮೇಲೆ ಕಾರ್ಡನ್ನು ಮಲಗಿಸಿದಂತೆ ಹಿಡಿದು ಒಂದೇ ದಿಕ್ಕಿಗೆ ತಳ್ಳಿ, ಪ್ರತಿ ಸಲವೂ ಕಾರ್ಡಿನ ಅಂಚು ಒರೆಸಿಕೊಳ್ಳಿ. ಒರೆಸದಿದ್ದರೆ ತೆಗೆದ ಅಂಟನ್ನೇ ಮುಂದೆ ಸವರುತ್ತಾ ಹೋಗುತ್ತೀರಿ. ಹಳೇ ಅಂಟಿಗೆ ಹೀಗೆ ಎರಡು ಮೂರು ಸುತ್ತು ಬೇಕು.

ಉಳಿದ ತೆಳು ಪೊರೆಗೆ ಐಪಿಎ. ಬಟ್ಟೆಗೆ ಹಾಕಿ ಒರೆಸಿ, ಗಾಡಿಯ ಮೇಲೆ ಸುರಿಯಬೇಡಿ. ಬಟ್ಟೆಯ ಮಗ್ಗುಲು ಬದಲಿಸುತ್ತಿರಿ. ಕೊನೆಗೆ ಶಾಂಪೂ ನೀರಿನಲ್ಲಿ ತೊಳೆದು ಎಣ್ಣೆಯ ಪಸೆ ಪೂರ್ತಿ ಹೋಗಿಸಿ.

ಸೀಮೆಎಣ್ಣೆಯೂ ಆಗುತ್ತದೆ, ನಿಧಾನ, ಜಿಡ್ಡು ಹೆಚ್ಚು. ಪೇಂಟ್ ಅಂಗಡಿಯ ಟರ್ಪೆಂಟೈನ್ ಇನ್ನೂ ವಾಸಿ. ಪೆಟ್ರೋಲಿನಲ್ಲಿ ಅಂಟು ಬೇಗ ಬಿಡುವುದು ನಿಜ, ಆದರೆ ಬೆಂಕಿಯ ಭಯಕ್ಕೆ ಅದನ್ನು ಹೇಳಿಕೊಡಲು ಮನಸ್ಸಿಲ್ಲ. ಯಾವುದನ್ನೇ ಬಳಸಿದರೂ ಗಾಳಿಯಾಡುವ ಕಡೆ, ಗ್ಲೌಸ್ ಹಾಕಿ, ಬೀಡಿ ಸಿಗರೇಟು ಇಲ್ಲದೆ.

ಬಂಪರ್, ಹೆಡ್‌ಲೈಟ್ ಪ್ಲಾಸ್ಟಿಕ್‌ಗೆ ಇವು ಯಾವುವೂ ಬೇಡ. ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಪೆಟ್ರೋಲ್, ಥಿನ್ನರ್‌ಗೆ ಕೂದಲೆಳೆಯ ಬಿರುಕು ಬಿಡುತ್ತದೆ, ನೀಲಗಿರಿ ಎಣ್ಣೆಗೂ ಮಸುಕಾಗಬಹುದು. ಬೆಚ್ಚಗಿನ ಸೋಪು ನೀರು, ಬೆರಳು, ತಾಳ್ಮೆ. ಗಾಜಿನ ಮೇಲಿನ ಫಾಸ್ಟ್ಯಾಗ್ ಅಂಟಿಗೆ ಮಾತ್ರ ಸೋಪು ನೀರು ಹಾಕಿ ಬ್ಲೇಡು ಓಡಿಸಬಹುದು.

ಡೋರ್ ವೈಸರ್, ಕಂಪನಿ ಲೋಗೋ ಕೆಳಗಿನ ದಪ್ಪ ಸ್ಪಂಜಿನ ಟೇಪಿಗೆ ಎಣ್ಣೆ ಇಳಿಯುವುದಿಲ್ಲ. ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಆಡಿಸಿ. ವೈಸರ್ ಬಂದ ಮೇಲೆ ಉಳಿದ ಸ್ಪಂಜನ್ನು ಹೆಬ್ಬೆರಳಲ್ಲಿ ಉರುಳಿಸಿ ತೆಗೆದು, ಆಮೇಲೆ ಎಣ್ಣೆ ಹಚ್ಚಿ. ಟೊಮೆಟೊ ಹೇರಿಕೊಂಡು ಕೋಲಾರ ಎಪಿಎಂಸಿಗೆ ಓಡಾಡುವ ಪಿಕಪ್ಪುಗಳ ರಿಫ್ಲೆಕ್ಟರ್ ಟೇಪು ಒಣಗಿದ ಮೇಲೆ ಚೂರು ಚೂರಾಗಿಯೇ ಬರುತ್ತದೆ, ಬೆರಳಗಲ ಬೆರಳಗಲ ಬಿಸಿ ಮಾಡುತ್ತಾ ಹೋಗಬೇಕು. ತೆಗೆದ ಮೇಲೆ ಹೊಸದು ಹಾಕಿಸಿ, ಇಲ್ಲದಿದ್ದರೆ ಎಫ್‌ಸಿಗೆ (ಗಾಡಿಯ ಫಿಟ್ನೆಸ್ ಪರೀಕ್ಷೆಗೆ) ಹೋದಾಗ ವಾಪಸ್ ಕಳಿಸುತ್ತಾರೆ. ಫೆವಿಕ್ವಿಕ್, ಅರಾಲ್ಡೈಟ್ ಬಿದ್ದಿದ್ದರೆ ಇದು ಯಾವುದೂ ನಡೆಯುವುದಿಲ್ಲ, ಪೇಂಟರ್ ಹತ್ತಿರವೇ ಹೋಗಬೇಕು.

ಎಲ್ಲ ತೆಗೆದ ಮೇಲೂ ಸ್ಟಿಕ್ಕರಿನ ಆಕಾರ ಕಾಣುತ್ತಿದ್ದರೆ ಕೈಯಾಡಿಸಿ ನೋಡಿ. ನುಣುಪಾಗಿದ್ದರೆ ಅದು ಅಂಟಲ್ಲ: ಸುತ್ತಲ ಪೇಂಟ್ ಬಿಸಿಲಿಗೆ ಮಾಸಿದೆ, ಸ್ಟಿಕ್ಕರಿನಡಿಯದು ಹೊಸದಾಗಿಯೇ ಉಳಿದಿದೆ. ಎಷ್ಟು ಎಣ್ಣೆ ಸುರಿದರೂ ಹೋಗುವುದಿಲ್ಲ. ಸುತ್ತಲ ಜಾಗಕ್ಕೆ ಫೈನ್ ಪಾಲಿಶ್ ಹೊಡೆದರೆ ವ್ಯತ್ಯಾಸ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ರಬ್ಬಿಂಗ್ ಕಾಂಪೌಂಡ್ ಕ್ಲಿಯರ್ ಕೋಟನ್ನು ಬೇಗ ತಿನ್ನುತ್ತದೆ, ಮನೆಯಲ್ಲಿ ಬೇಡ. ಮ್ಯಾಟ್ ಪೇಂಟಿಗೆ ಪಾಲಿಶ್, ವ್ಯಾಕ್ಸ್ ಎರಡೂ ಕೂಡದು, ಅಲ್ಲಲ್ಲಿ ಹೊಳೆಯಲು ಶುರುವಾಗುತ್ತದೆ. ಬೇರೆಯದಕ್ಕೆ ತೆಳುವಾಗಿ ಒಂದು ಕೈ ವ್ಯಾಕ್ಸ್ ಹಾಕಿ, ದ್ರವ ಬಿದ್ದ ಜಾಗದಲ್ಲಿ ಹಳೇ ವ್ಯಾಕ್ಸ್ ಉಳಿದಿರುವುದಿಲ್ಲ.

ಮುಂದಿನ ಆಯುಧಪೂಜೆಗೆ ಬಾಳೆಕಂದನ್ನು ಗ್ರಿಲ್ಲಿಗೆ ದಾರದಲ್ಲಿ ಕಟ್ಟಿ. ಟೇಪೇ ಬೇಕೆಂದರೆ ಅವತ್ತು ಸಂಜೆಯೇ ಕಿತ್ತುಬಿಡಿ.