‘ಯೀಲ್ಡ್’ ಪದವನ್ನು ಗೂಡಿನ ಲೆಕ್ಕದಿಂದ ಕಲಿಯುವ ಬಗೆ

ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಗಾರರು ಎದುರಾದರೆ ‘ನೂರು ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಬಂತು?’ ಎಂದು ಕೇಳಿಕೊಳ್ಳುವುದುಂಟು. ಇಲ್ಲಿ ‘ಮೊಟ್ಟೆ’ ಎಂದರೆ ಒಂದು ರೇಷ್ಮೆ ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಇಂಗ್ಲಿಷಿನ ‘ಯೀಲ್ಡ್’ ಪದವನ್ನು ಕಲಿಯಹೊರಟವರು ನಿಘಂಟು ತೆರೆಯುವ ಮೊದಲು ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ನಿಘಂಟು ‘ಇಳುವರಿ’, ‘ಮಣಿ’, ‘ಬಿಟ್ಟುಕೊಡು’ ಎಂದು ಒಂದಕ್ಕೊಂದು ನಂಟಿಲ್ಲದಂತೆ ತೋರುವ ಅರ್ಥಗಳನ್ನು ಸಾಲಾಗಿ ಕೊಟ್ಟು ಸುಮ್ಮನಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲರೂಪಕ್ಕೆ ‘ಪಾವತಿ ಮಾಡು’, ‘ಸಲ್ಲಿಸು’ ಎಂಬ ಅರ್ಥವಿತ್ತು. ನೆಲವು ಬೆಳೆಯನ್ನು ಒಪ್ಪಿಸುವುದೂ ಸೋತವನು ಕೋಟೆಯನ್ನು ಒಪ್ಪಿಸುವುದೂ ಆ ಬೇರಿನಿಂದಲೇ ಒಡೆದ ಕವಲುಗಳು.

ನಾಮಪದವಾಗಿ ಬಳಸುವಾಗ ‘ಪ್ರೊಡಕ್ಷನ್’ ಜೊತೆ ಇದನ್ನು ಬೆರೆಸಬಾರದು. ಕೋಲಾರದಲ್ಲಿ ಹೆಚ್ಚು ಜನ ಟೊಮೆಟೊ ನಾಟಿ ಮಾಡಿದರೆ ಮಾರುಕಟ್ಟೆಗೆ ಬರುವ ಒಟ್ಟು ಬಾಕ್ಸ್‌ಗಳು ಹೆಚ್ಚಬಹುದು, ಅದು ಪ್ರೊಡಕ್ಷನ್. ಒಂದು ಎಕರೆಗೆ ಸಿಗುವ ಬಾಕ್ಸ್‌ಗಳು ಮೊದಲಿನಷ್ಟೇ ಇದ್ದರೆ ಯೀಲ್ಡ್ ಏರಿಲ್ಲ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಹೇಳುವ ‘ರೆಂಡಿಟ್ಟ’ ಇದಕ್ಕೆ ತಿರುವುಮುರುವಾದ ಲೆಕ್ಕ: ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಎಷ್ಟು ಕೆ.ಜಿ. ಗೂಡು ಬೇಕೆಂಬುದು ಅದು, ಅಂಕಿ ಇಳಿದಷ್ಟೂ ಲಾಭ. ಅದನ್ನು ಯೀಲ್ಡ್ ಎಂದು ಅನುವಾದಿಸಿದರೆ ಅರ್ಥ ತಲೆಕೆಳಗಾಗುತ್ತದೆ.

ಕ್ರಿಯಾಪದದಲ್ಲಿ ಹೆಚ್ಚಿನವರು ಎಡವುವುದು ‘ಟು’ ಸೇರಿಸಬೇಕೇ ಬೇಡವೇ ಎಂಬಲ್ಲಿ. ಇಲ್ಲಿ ನಮ್ಮ ವಿಭಕ್ತಿಯೇ ದಾರಿ ತೋರಿಸುತ್ತದೆ ಎಂಬುದು ನನ್ನ ಅನುಭವ. ‘ಗಣಿ ಚಿನ್ನವನ್ನು ಕೊಟ್ಟಿತು’ ಎಂಬಲ್ಲಿ ದ್ವಿತೀಯೆ ಇರುವುದರಿಂದ ‘ದಿ ಮೈನ್ ಯೀಲ್ಡೆಡ್ ಗೋಲ್ಡ್’ ಎಂದರೆ ಸಾಕು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಬಗ್ಗೆ ಬರೆಯುವವರಿಗೆ ಈ ವಾಕ್ಯ ಒದಗುತ್ತದೆ. ‘ಅವರು ಒತ್ತಡಕ್ಕೆ ಮಣಿದರು’ ಎಂಬಲ್ಲಿ ಚತುರ್ಥಿ ಇದೆ, ಆದ್ದರಿಂದ ‘ದೇ ಯೀಲ್ಡೆಡ್ ಟು ಪ್ರೆಷರ್’ ಎನ್ನಬೇಕು. ‘ಎಕರೆಗೆ’ ಎಂಬುದರಲ್ಲಿರುವ ‘ಗೆ’ ಮಾತ್ರ ಈ ಲೆಕ್ಕಕ್ಕೆ ಸೇರದು. ಅಲ್ಲಿ ‘ಪರ್’ ಬರುತ್ತದೆ.

ಉಚ್ಚಾರಣೆಯಲ್ಲಿ ತೊಡಕಿಲ್ಲ: ‘ಫೀಲ್ಡ್’ ಪದಕ್ಕೆ ಪ್ರಾಸವಾಗುವಂತೆ ‘ಯೀ’ ಅನ್ನು ಎಳೆದು ಹೇಳಿದರಾಯಿತು.

ಇಷ್ಟು ತಿಳಿದ ಮೇಲೆ ನಿಮ್ಮ ಮನೆಯ ಹಸು, ಹೊಲ ಅಥವಾ ಹಿತ್ತಲಿನ ಮಾವಿನ ಮರವನ್ನು ಕರ್ತೃವಾಗಿಟ್ಟು ಮೂರು ವಾಕ್ಯಗಳನ್ನು ಬರೆಯಿರಿ. ಬೆಳೆಯ ಅರ್ಥದಲ್ಲಿ ಕರ್ತೃವಾಗುವುದು ಕೊಡುವ ವಸ್ತುವೇ ಹೊರತು ಕೊಯ್ಯುವ ಮನುಷ್ಯನಲ್ಲ. ‘ನಾನು ಟೊಮೆಟೊ ಬೆಳೆದೆ’ ಎನ್ನಲು ‘ಐ ಗ್ರೂ ಟೊಮೆಟೋಸ್’ ಎನ್ನಬೇಕು. ‘ಐ ಯೀಲ್ಡೆಡ್’ ಎಂದಷ್ಟೇ ಹೇಳಿ ನಿಲ್ಲಿಸಿದರೆ, ಬೆಳೆ ಎಷ್ಟೇ ಚೆನ್ನಾಗಿ ಬಂದಿದ್ದರೂ, ಕೇಳಿದವರು ನೀವು ಸೋತು ಕೈಚೆಲ್ಲಿದಿರಿ ಎಂದೇ ತಿಳಿಯುತ್ತಾರೆ.