ಎರಡು ಮಿಷನ್ ಖಾತೆಗಳನ್ನು ಒಂದು ಮಾಡಿದ ಬಗೆ

ಬ್ಯಾಂಕಿನಿಂದ ನಿವೃತ್ತನಾದವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಖಜಾಂಚಿ ಮಾಡಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ಗೆ ಸೇರಿದ್ದ ಕರಾವಳಿಯ ಹಳೆಯ ಸಭೆ ನಮ್ಮದು, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಲೆಕ್ಕದ ಪುಸ್ತಕದಲ್ಲಿ ‘ಸ್ವದೇಶ ಮಿಷನ್’, ‘ವಿದೇಶ ಮಿಷನ್’ ಎಂದು ಎರಡು ಖಾತೆಗಳಿದ್ದವು. ಮೊದಲನೆಯದರಲ್ಲಿ ಘಟ್ಟದ ಬುಡದ ಉಪಸಭೆಗಳು (ನಮ್ಮ ಸಭೆಗೆ ಸೇರಿದ ಸಣ್ಣ ಚರ್ಚುಗಳು), ಅಲ್ಲಿ ಯೇಸುವಿನ ಸಂದೇಶ ಸಾರುವ ಸುವಾರ್ತಿಕರ ಸಂಬಳ, ಹಾಸ್ಟೆಲ್ ಮಕ್ಕಳ ಅಕ್ಕಿ. ಎರಡನೆಯದರಲ್ಲಿ ಯುರೋಪಿನ ಸಭೆಗಳ ಜೊತೆಗಿನ ಒಡನಾಟ, ಅತಿಥಿಗಳ ಊಟ ವಸತಿ, ಅಲ್ಲಿನ ಹಣದಿಂದ ನಡೆಯುವ ಕೆಲಸ. ಎರಡಕ್ಕೂ ಬೇರೆ ಬೇರೆ ಸಮಿತಿ. ವಿದೇಶ ಸಮಿತಿಗೆ ಸೇರಲು ಪೈಪೋಟಿ. ಸ್ವದೇಶ ಸಮಿತಿಗೆ ಹೆಸರು ಸೂಚಿಸಿದ ಕೂಡಲೇ ಎಲ್ಲರಿಗೂ ಮೊಣಕಾಲು ನೋವು.

ಈ ವಿಂಗಡಣೆಯನ್ನು ನಾವು ಮಾಡಿಕೊಂಡದ್ದಲ್ಲ. 1834ರಲ್ಲಿ ಬಾಸೆಲ್‌ನ ಮೊದಲ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಾಗ ಬಾಸೆಲ್‌ನ ಲೆಕ್ಕದಲ್ಲಿ ‘ವಿದೇಶ’ ಎಂದರೆ ನಾವೇ ಆಗಿದ್ದೆವು. ಹಣ ಎಲ್ಲಿಂದಲೋ ಅಲ್ಲಿಂದಲೇ ತೀರ್ಮಾನ ಎಂಬ ಅಭ್ಯಾಸವನ್ನು ಆಮೇಲೆ ನಾವೇ ನಮ್ಮ ಉಪಸಭೆಗಳ ಮೇಲೆ ಹೇರಿದೆವು. ಅತ್ತ ಬಳ್ಳಾರಿಯಲ್ಲಿ ದುಡಿದಿದ್ದ ಲಂಡನ್ ಮಿಷನರಿ ಸೊಸೈಟಿಯ ಉತ್ತರಾಧಿಕಾರಿ ಸಂಸ್ಥೆ 1977ರಲ್ಲಿ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಆಗಿ ರೂಪುಗೊಂಡಿತು. ಲಂಡನ್ನಿನವರು ನಿರ್ಧರಿಸಿ ಕಳುಹಿಸುವುದು ನಿಂತು, ಸದಸ್ಯ ಸಭೆಗಳೆಲ್ಲ ಜೊತೆಯಾಗಿ ಕುಳಿತು ಹಣವನ್ನೂ ಜನರನ್ನೂ ಹಂಚಿಕೊಳ್ಳುವ ಏರ್ಪಾಡು ಬಂತು. ಬಾಸೆಲ್ ಮಿಷನ್ ಕೂಡ 2001ರಲ್ಲಿ ಬೇರೆ ಸಂಸ್ಥೆಗಳೊಡನೆ ಸೇರಿ ‘ಮಿಷನ್ 21’ ಕಟ್ಟಿತು. ಯಜಮಾನರೇ ಮನೆ ಬದಲಿಸಿದ್ದರೂ ನಾವು ಹಳೆಯ ವಿಳಾಸಕ್ಕೇ ಕಾಗದ ಬರೆಯುತ್ತಿದ್ದೆವು.

ಎರಡೂ ಸಮಿತಿಗಳನ್ನು ರದ್ದು ಮಾಡಿ ಒಂದೇ ಮಿಷನ್ ಖಾತೆ, ಒಂದೇ ಮಿಷನ್ ಸಮಿತಿ ಇರಲಿ, ಸಮಿತಿಯ ಅರ್ಧ ಸ್ಥಾನಗಳು ಉಪಸಭೆಗಳಿಗೆ ಹೋಗಲಿ ಎಂದು ನಾನು ಬರೆದುಕೊಟ್ಟೆ. ಸಭಾಪಾಲಕರು (ನಮ್ಮ ಪಾದ್ರಿಗಳು) ಒಪ್ಪಿದರು. ಹಿರಿಯರಲ್ಲೊಬ್ಬರು ಮಾತ್ರ, “ಪಡೆಯುವವರೇ ಹಂಚುವುದಕ್ಕೂ ಕುಳಿತರೆ ಗಂಟು ಉಳಿಯುತ್ತದೆಯೇ ಖಜಾಂಚಿಗಳೇ?” ಎಂದು ಕೇಳಿದರು. “ನಮ್ಮ ಅಜ್ಜಂದಿರ ಕಾಲದಿಂದ ನಾವೂ ಪಡೆದವರೇ ಅಲ್ಲವೇ?” ಎಂದೆ. ಅವರು ಸಿಟ್ಟಾದರು, ಆದರೆ ಮತ ಹಾಕಿದರು.

ಹೊಸ ಸಮಿತಿ ಮೊದಲ ಸಲ ಕುಳಿತಾಗಲೇ ಒಂದು ಸಂಗತಿ ಹೊರಬಿತ್ತು. ಒಂದು ಉಪಸಭೆಗೆ ಧ್ವನಿವರ್ಧಕ ಕೊಡಿಸಲು ಹಿಂದಿನ ಸಮಿತಿ ಮಂಜೂರು ಮಾಡಿತ್ತು. ಅಲ್ಲಿಂದ ಬಂದ ಪ್ರತಿನಿಧಿ, ಅಡಿಕೆ ಸುಲಿಯಲು ಹೋಗುವ ಹೆಂಗಸು, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮದು ಸಣ್ಣ ಮನೆಯಷ್ಟು ದೊಡ್ಡ ಚರ್ಚು ಅಣ್ಣಾ, ಬಾಯಲ್ಲಿ ಹಾಡಿದರೆ ಸಾಕು. ಮಳೆಗಾಲದಲ್ಲಿ ಸುವಾರ್ತಿಕರ ಬೈಕು ತೋಡು ದಾಟುವುದಿಲ್ಲ. ಆ ತಿಂಗಳುಗಳಿಗೆ ಊರಲ್ಲೇ ಅವರಿಗೊಂದು ಬಾಡಿಗೆ ಕೋಣೆ ಮಾಡಿಕೊಡಿ” ಎಂದರು. ಕೋಣೆಯ ಬಾಡಿಗೆ ಧ್ವನಿವರ್ಧಕದ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ನಿಜವಾದ ಕಸರತ್ತು ಇದ್ದದ್ದು ವಿದೇಶಿ ದೇಣಿಗೆಯಲ್ಲಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ನೋಂದಾಯಿತ ಸಂಸ್ಥೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಈ ಕಾಯ್ದೆಯಡಿ ನಮ್ಮ ಸಭೆಗೆ ಪ್ರತ್ಯೇಕ ನೋಂದಣಿ ಇಲ್ಲ. ಆದ್ದರಿಂದ ನಾನು ಗೆರೆ ಎಳೆದೆ: ಸುವಾರ್ತಿಕರ ಸಂಬಳ ಪೂರ್ತಿ ನಮ್ಮ ಕಾಣಿಕೆಯಿಂದ, ಹೊರಗಿನ ಹಣ ನೋಂದಾಯಿತ ಸಂಸ್ಥೆಯೇ ನೇರವಾಗಿ ನಡೆಸುವ ಹಾಸ್ಟೆಲ್ ಕೆಲಸಕ್ಕೆ ಮಾತ್ರ, ಅದು ನಮ್ಮ ಪುಸ್ತಕಕ್ಕೆ ಬರುವುದೇ ಇಲ್ಲ.

ಗಲ್ಫ್‌ನಲ್ಲಿರುವ ನಮ್ಮವರ ಹಣದ ವಿಷಯದಲ್ಲಿ ಅನೇಕ ಸಭೆಗಳವರು ಇಂದಿಗೂ ಗೊಂದಲದಲ್ಲಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವನು ದುಬೈಯಿಂದ ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅವನ ಅಕ್ಕ ಕೆನಡಾದ ಪೌರತ್ವ ಪಡೆದಿದ್ದರೆ, ರಜೆಗೆ ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಹಾಗಾಗಿ ಹೊರದೇಶದಲ್ಲಿ ನೆಲೆಸಿ ಕೊಡುವವರ ಪಾಸ್‌ಪೋರ್ಟ್ ಪ್ರತಿಯನ್ನು ರಸೀದಿಯ ಕಡತದಲ್ಲಿ ಇಡಲು ಶುರುಮಾಡಿದೆ. ದೇವರಿಗೆ ಕೊಡುವುದಕ್ಕೂ ಪಾಸ್‌ಪೋರ್ಟ್ ಬೇಕೇ ಎಂದು ಅಜ್ಜಿಯೊಬ್ಬರು ನನ್ನನ್ನು ಚೆನ್ನಾಗಿಯೇ ಕಿಚಾಯಿಸಿದರು.

ಸಂಬಳದ ಹೊಣೆ ನಮ್ಮ ಮೇಲೆ ಬಿದ್ದಾಗ ಕೈ ಹಿಡಿದದ್ದು ಸುಗ್ಗಿ ಹಬ್ಬದ ಹರಾಜು ಮತ್ತು ಸ್ತ್ರೀಯರ ಕೂಟ. ಉಪಸಭೆಗಳೂ ಈ ಗಂಟಿಗೆ ಪಾಲು ಹಾಕಲೇಬೇಕು ಎಂದು ನಾನು ಪಟ್ಟು ಹಿಡಿದೆ. ಬಡವರಿಂದ ವಸೂಲಿಯೇ ಎಂದು ಪೇಟೆಯ ಕೆಲವರು ಮರುಗಿದರು. ಉಪಸಭೆಯವರು ಮರುಗಲಿಲ್ಲ, ಬಾಳೆಗೊನೆ, ತೆಂಗಿನಕಾಯಿ, ಹೇಂಟೆ ಹೊತ್ತು ತಂದರು. ಕೊಟ್ಟವರಾದ ಮೇಲೆ ಸಮಿತಿಯಲ್ಲಿ ಅವರ ದನಿಯೂ ಏರಿತು, ಒಮ್ಮೊಮ್ಮೆ ನನ್ನ ಮೇಲೂ.

ವಿದೇಶದ ನಂಟು ಹಣದ ಭಾರ ಇಳಿದ ಮೇಲೆ ಹಗುರಾಗಿದೆ. ಬರುವ ಅತಿಥಿಗಳು ಈಗ ಒಂದೆರಡು ರಾತ್ರಿ ಉಪಸಭೆಯವರ ಮನೆಯಲ್ಲೇ ಉಳಿಯುತ್ತಾರೆ, ಹೂಮಾಲೆ ಸನ್ಮಾನ ಇಲ್ಲ. ಗಲ್ಫ್‌ನ ಕುಟುಂಬಗಳನ್ನು ಸಭಾಪಾಲಕರು ಭೇಟಿ ಮಾಡಿ ಬರುವುದೂ ಇದೇ ಖಾತೆಯಲ್ಲಿದೆ.

ಸದ್ಯದ ಜಗಳ ಉಳಿತಾಯದ್ದು. ವರ್ಷದ ಕೊನೆಯಲ್ಲಿ ಉಳಿದದ್ದನ್ನು ನಿಶ್ಚಿತ ಠೇವಣಿಗೆ ಹಾಕಬೇಕೆಂದು ಪೇಟೆಯ ಸದಸ್ಯರು, ಇನ್ನೊಬ್ಬ ಸುವಾರ್ತಿಕರನ್ನು ನೇಮಿಸಬೇಕೆಂದು ಉಪಸಭೆಯವರು. ಬ್ಯಾಂಕಿನವನಾದ ನಾನು ಠೇವಣಿಯ ಪರ ಎಂದು ಎಲ್ಲರೂ ಎಣಿಸಿದ್ದಾರೆ. ಸಮಿತಿ ಮುಂದಿನ ಸಲ ಕುಳಿತಾಗ ನನ್ನ ಮತ ನೇಮಕಕ್ಕೆ.